ಅಣ್ಣನ ಬ್ಯಾಗು

ಭಾನುವಾರ ಬೆಳಿಗ್ಗೆ ಆರೂವರೆಯ ಬಸ್ಸು. ನಾನು, ಅಕ್ಕನ ಮಗಳು, ನಮ್ಮಿಬ್ಬರ ನಡುವೆ ಅವಳ ಭುಜದೆತ್ತರದ ಕ್ರಿಕೆಟ್ ಕಿಟ್ ಬ್ಯಾಗು. ಕಂಡಕ್ಟರ್ ಆಧಾರ್ ನೋಡಿ ಎರಡು ಫ್ರೀ ಟಿಕೆಟ್ ಕೊಟ್ಟರು. ಬ್ಯಾಗನ್ನು ಕಾಲಲ್ಲಿ ಒಂಚೂರು ಸರಿಸಿ, 'ಅಣ್ಣಂದಾ?' ಅಂತ ಅವಳನ್ನು ಕೇಳಿದರು.

'ನಂದು.'

'ಅಣ್ಣಂದೇ ಇರಬೇಕು. ಗಂಡುಮಕ್ಕಳ ಬ್ಯಾಗಿಗೆ ಫ್ರೀ ಇಲ್ಲಮ್ಮ, ಟಿಕೆಟ್ ತಗೋಬೇಕು!'

ಬಸ್ಸಲ್ಲಿದ್ದ ಐದಾರು ಜನ ನಕ್ಕರು. ನಾನೂ ನಕ್ಕೆ.

ಇಳಿದು ನಾಲ್ಕು ಹೆಜ್ಜೆ ಹೋದ ಮೇಲೆ ಅವಳು ನಿಂತಳು. 'ಚಿಕ್ಕಮ್ಮ, ನೀನ್ಯಾಕೆ ನಕ್ಕಿದ್ದು?'

ಹನ್ನೊಂದು ವರ್ಷದ ಹುಡುಗಿ. ಏನು ಹೇಳೋದು ಗೊತ್ತಾಗದೆ, 'ಬೇಗ ನಡಿ, ವಾರ್ಮಪ್ ಶುರುವಾಗಿರುತ್ತೆ' ಅಂದುಬಿಟ್ಟೆ. ಆ ಪ್ರಶ್ನೆ ಮಾತ್ರ ಇಡೀ ವಾರ ನನ್ನ ಬಿಟ್ಟಿಲ್ಲ.

ತಮಾಷೆ ಏನು ಗೊತ್ತಾ? ಕಂಡಕ್ಟರ್ ಹೇಳಿದ್ದು ನಿಜ. ಆ ಬ್ಯಾಗು ಅವಳ ಅಣ್ಣಂದೇ. ಎರಡು ವರ್ಷದ ಹಿಂದೆ ಬೇಸಿಗೆ ಕ್ಯಾಂಪಿಗೆ ಅಂತ ನಮ್ಮ ಭಾವ ಅವನಿಗೆ ಎಲ್ಲ ಹೊಸದು ಕೊಡಿಸಿದ್ದರು. ಬ್ಯಾಟು, ಪ್ಯಾಡು, ಹೆಲ್ಮೆಟ್ಟು. ಅವನು ಕೇಳಿಯೂ ಇರಲಿಲ್ಲ. ಇಪ್ಪತ್ತು ದಿನ ಹೋಗಿ ಬಿಟ್ಟ. ಈಗ ಇವಳು ಹೋಗ್ತೀನಿ ಅಂದಾಗ, 'ಮನೇಲಿ ಇದೆಯಲ್ಲ, ಸದ್ಯಕ್ಕೆ ಅದೇ ಸಾಕು' ಅಂದರು. ಭಾವ ಕೆಟ್ಟವರಲ್ಲ. ಫೀಸು ತಪ್ಪದೆ ಕಟ್ಟುತ್ತಾರೆ. ಆದರೆ 'ಸದ್ಯಕ್ಕೆ' ಅನ್ನುವ ಮಾತು ಅವರ ಬಾಯಲ್ಲಿ ಮಗನ ವಿಷಯಕ್ಕೆ ಬಂದದ್ದನ್ನು ನಾನಂತೂ ಕೇಳಿಲ್ಲ.

ನೆಟ್ಸ್ ಪಕ್ಕದ ಕಟ್ಟೆ ಮೇಲೆ ಕೂತು ಯೋಚಿಸಿದರೆ, ಹೆಂಗಸರ ಕ್ರಿಕೆಟ್ಟೇ ಈ 'ಸದ್ಯಕ್ಕೆ'ಯಲ್ಲಿ ಬೆಳೆದದ್ದು ಅಲ್ವಾ ಅನ್ನಿಸಿತು. 1973ರಲ್ಲಿ ಪುಣೆಯಲ್ಲಿ ಮೊದಲ ರಾಷ್ಟ್ರೀಯ ಟೂರ್ನಿ ನಡೆದಾಗ ಇದ್ದದ್ದು ಮೂರೇ ತಂಡ: ಬಾಂಬೆ, ಮಹಾರಾಷ್ಟ್ರ, ಉತ್ತರ ಪ್ರದೇಶ. ಅದೇ ವರ್ಷ ವಾರಾಣಸಿಯಲ್ಲಿ ಎಂಟಾಯಿತು. ಆಟಗಾರ್ತಿಯರು ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಹೋಗಿ ಡಾರ್ಮಿಟರಿಯಲ್ಲಿ ಮಲಗುತ್ತಿದ್ದ ಕಾಲ. 1976ರಲ್ಲಿ ನಮ್ಮ ಬೆಂಗಳೂರಲ್ಲೇ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಹೆಂಗಸರ ಮೊದಲ ಟೆಸ್ಟ್. ಕ್ಯಾಪ್ಟನ್ ನಮ್ಮೂರಿನ ಶಾಂತಾ ರಂಗಸ್ವಾಮಿ. ಗಂಡಸರ ಕ್ರಿಕೆಟ್ ನಡೆಸುತ್ತಿದ್ದ ಮಂಡಳಿ ಬಿಸಿಸಿಐ ಇವರನ್ನು ತನ್ನೊಳಗೆ ಸೇರಿಸಿಕೊಂಡದ್ದು 2006ರಲ್ಲಿ. ಪುಣೆಯ ಆ ಮೊದಲ ಟೂರ್ನಿಯಿಂದ ಅಲ್ಲಿಗೆ ಮೂವತ್ತಮೂರು ವರ್ಷ!

ಹೆಂಗಸರ ದೇಶಿ ಸೀನಿಯರ್ ಏಕದಿನ ಟ್ರೋಫಿ ಶುರುವಾದ ಮೇಲೂ ಗೆದ್ದದ್ದು ಹೆಚ್ಚುಕಮ್ಮಿ ಪ್ರತಿ ಸಲ ರೈಲ್ವೇಸ್, ಅಂದರೆ ರೈಲ್ವೆ ಇಲಾಖೆಯ ತಂಡ. ಮೊದಲು ನನಗೆ ಇದು ಬೋರು ಅನ್ನಿಸುತ್ತಿತ್ತು. ಆದರೆ ಕಾರಣ ಸರಳ. ಅಲ್ಲಿ ಕೆಲಸ ಸಿಗುತ್ತಿತ್ತು. ಭಾರತದ ಕ್ಯಾಪ್ಟನ್ ಆಗಿದ್ದ ಮಿಥಾಲಿ ರಾಜ್ ಅಲ್ಲಿಯವರೇ. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಕೂಡ ಆ ತಂಡಕ್ಕೆ ಆಡಿದವರೇ. ತಿಂಗಳ ಸಂಬಳ ಇದ್ದರೆ 'ಮದುವೆ ಯಾವಾಗ' ಅನ್ನುವವರ ಬಾಯಿ ಸ್ವಲ್ಪ ದಿನವಾದರೂ ಮುಚ್ಚುತ್ತೆ. ರಾಜ್ಯ ತಂಡಕ್ಕೆ ಆಡಿದರೆ ಅಷ್ಟು ಹುಟ್ಟುತ್ತಿರಲಿಲ್ಲ. ಈಗ ಬದಲಾಗಿದೆ. 2025ರ ಡಿಸೆಂಬರಿನಲ್ಲಿ ಹೆಂಗಸರ ದೇಶಿ ಏಕದಿನ ಪಂದ್ಯದ ಸಂಭಾವನೆ ದಿನಕ್ಕೆ 20,000 ರೂಪಾಯಿ ಇದ್ದದ್ದು 50,000 ಆಯಿತು. ನಮ್ಮ ಹೆಂಗಸರು ವಿಶ್ವಕಪ್ ಗೆದ್ದು ಎರಡು ತಿಂಗಳೂ ಆಗಿರಲಿಲ್ಲ. ಕಪ್ ಬಾರದೇ ಹೋಗಿದ್ದರೆ? ಸುಮ್ನೆ ಕೇಳ್ತಿದ್ದೀನಿ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬೇರೆ. 2022-23ರಲ್ಲಿ ಹದಿನೈದು ವರ್ಷದೊಳಗಿನ ಹುಡುಗಿಯರಿಗೂ ದೇಶಮಟ್ಟದ ಟೂರ್ನಿ ಶುರುವಾಯಿತು. ನಮ್ಮವಳಿಗೆ ಇನ್ನು ಮೂರ್ನಾಲ್ಕು ವರ್ಷದ ದಾರಿ ಕಣ್ಣಿಗೆ ಕಾಣುತ್ತೆ. ಅದಕ್ಕಿಂತ ಮುಂಚೆ ಆ ವಯಸ್ಸಿನ ಹುಡುಗಿ ಯಾರನ್ನು ನೋಡಿ, ಯಾವ ಪಟ್ಟಿಯಲ್ಲಿ ಹೆಸರು ಬರಲಿ ಅಂತ ಆಡಬೇಕಿತ್ತು?

ಇನ್ನು ಡಬ್ಲ್ಯುಪಿಎಲ್, ಅಂದರೆ ಹೆಂಗಸರ ಐಪಿಎಲ್. 2023ರಲ್ಲಿ ಐದು ತಂಡದಿಂದ ಶುರುವಾಯಿತು. ಮುಂಬೈ ಇಂಡಿಯನ್ಸ್, ಡೆಲ್ಲಿ ಕ್ಯಾಪಿಟಲ್ಸ್, ಆರ್‌ಸಿಬಿ, ಮೂರು ಹೆಸರೂ ಗಂಡಸರ ತಂಡದ್ದೇ. ಅಲ್ಲೂ ಅಣ್ಣನ ಬ್ಯಾಗು! ಆದರೆ ಆರ್‌ಸಿಬಿಯಲ್ಲಿ ಏನಾಯಿತು? ಗಂಡಸರ ತಂಡಕ್ಕೆ ನಾವು 'ಈ ಸಲ ಕಪ್ ನಮ್ದೇ' ಅಂತ ಹದಿನಾರು ವರ್ಷ ಕೂಗಿ ಕೂಗಿ ಗಂಟಲು ಹರ್ಕೊಂಡಿದ್ದೆವು. 2024ರ ಮಾರ್ಚ್ 17ರಂದು, ಎರಡನೇ ಸೀಸನ್ನಿಗೇ ಕ್ಯಾಪ್ಟನ್ ಸ್ಮೃತಿ ಮಂಧಾನ ಅವರ ಹೆಂಗಸರ ತಂಡ ಕಪ್ ಎತ್ತಿತು. ಕಲಬುರಗಿ ಮೂಲದ ನಮ್ಮ ಶ್ರೇಯಾಂಕಾ ಪಾಟೀಲ್ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್. ಅಣ್ಣಂದಿರಿಗೆ ಕಪ್ ಸಿಕ್ಕಿದ್ದು 2025ರ ಜೂನ್‌ನಲ್ಲಿ.

ಇದನ್ನೆಲ್ಲ ಬಸ್ಸಲ್ಲೇ ಹೇಳಬಹುದಿತ್ತು. ಹೇಳಲಿಲ್ಲ, ನಕ್ಕೆ. ಆ ಕಂಡಕ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಇಳಿಯುವಾಗ ಬ್ಯಾಗನ್ನು ಎತ್ತಿ ಕೆಳಗಿಟ್ಟು ಕೊಟ್ಟವರೂ ಅವರೇ. ಅವರಿಗದು ಬೆಳಗಿನ ಒಂದು ಜೋಕು, ಅಷ್ಟೇ. ಅವಳಿಗೆ ಅವರು ಯಾರೋ. ನಾನು ಚಿಕ್ಕಮ್ಮ.

ಬುಧವಾರ ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಭಾವನ ಹತ್ತಿರ ಹೊಸ ಬ್ಯಾಟಿನ ಮಾತು ತೆಗೆದೆ. 'ನೋಡೋಣ, ಇನ್ನೂ ಎತ್ತರ ಆಗ್ತಾಳೆ' ಅಂದರು. ಒಳಗಿನ ರೂಮಿನಲ್ಲಿ ಅವಳು ನೆಲದ ಮೇಲೆ ಬ್ಯಾಗು ಮಲಗಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅಕ್ಕನ ನೇಲ್ ಪಾಲಿಶ್ ರಿಮೂವರ್, ಹತ್ತಿ. ಅಣ್ಣ ಮಾರ್ಕರ್‌ನಲ್ಲಿ ಬರೆದಿದ್ದ ಹೆಸರನ್ನು ತಿಕ್ಕುತ್ತಿದ್ದಳು. ಮೊದಲ ಎರಡು ಅಕ್ಷರ ಹೋಗಿತ್ತು.

ನಾನೂ ಒಂದು ಚೂರು ಹತ್ತಿ ತಗೊಂಡು ಕೂತೆ.