ಹಾಲ್‌ನಲ್ಲಿ ಒಣಗೋ ಬಟ್ಟೆ

ಡೊಂಬಿವಲಿಯಲ್ಲಿ ನಾಲ್ಕು ದಿನದಿಂದ ಬಿಡದೆ ಮಳೆ. ಹಾಲ್ ತುಂಬಾ ಹಗ್ಗ ಕಟ್ಟಿ ಬಟ್ಟೆ ಹರವಿದ್ದೇನೆ, ಜೀನ್ಸ್ ಪ್ಯಾಂಟಿನ ಅಂಚಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. "ಯಾರಾದ್ರೂ ಬಂದ್ರೆ ಏನಂದ್ಕೋತಾರಮ್ಮ" ಅಂದರು ಊರಿಂದ ಬಂದಿರುವ ಅತ್ತೆ. ಅವರಿಗೆ ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಅವರ ಹೆಂಡತಿ ಅಬಿಗೇಲ್ ಆಡಮ್ಸ್ ಕಥೆ ಹೇಳಿದೆ.

1800ರಲ್ಲಿ ಅಮೆರಿಕದ ಅಧ್ಯಕ್ಷರ ಹೊಸ ಮನೆಗೆ, ಅಂದರೆ ಈಗಿನ ಶ್ವೇತಭವನಕ್ಕೆ, ಸಂಸಾರ ಹೂಡಲು ಬಂದ ಮೊದಲ ಗೃಹಿಣಿ ಅವರು. ಮನೆ ಇನ್ನೂ ಅರ್ಧಂಬರ್ಧ. ಚಳಿ ತಡೆಯೋಕೆ ದಿನಾ 13 ಕಡೆ ಬೆಂಕಿ ಹಾಕಬೇಕು, ಸೌದೆ ಸಿಗೋದೇ ಕಷ್ಟ, ಆಳುಗಳನ್ನ ಕರೆಯೋಕೆ ಗಂಟೆಯೂ ಇಲ್ಲ. ಅತಿಥಿಗಳಿಗೆ ಅಂತ ಕಟ್ಟುತ್ತಿದ್ದ ದೊಡ್ಡ ಸಭಾಂಗಣದಲ್ಲೇ ಬಟ್ಟೆ ಒಣಗಿಸ್ತೀನಿ ಅಂತ ಮಗಳಿಗೆ ಪತ್ರ ಬರೆದಿದ್ದಾರೆ.

"ಅಷ್ಟು ದೊಡ್ಡ ಮನೇಲಿ ಕೆಲಸ ಮಾಡ್ತಿದ್ದೋರು ಯಾರು?" ಅತ್ತೆ ಕೇಳಿದ್ದು ಇದೊಂದೇ. ಸರಿಯಾದ ಪ್ರಶ್ನೆ ಅಲ್ವಾ! ಆ ಮನೆ ಕಟ್ಟಿದವರಲ್ಲಿ ಗುಲಾಮರೂ ಇದ್ದರು, ಅವರ ಕೂಲಿ ಹೋಗುತ್ತಿದ್ದದ್ದು ಒಡೆಯರ ಕೈಗೆ. ಆಮೇಲೆ ಗುಲಾಮ ಹುಡುಗನಾಗಿ ಅಧ್ಯಕ್ಷ ಮ್ಯಾಡಿಸನ್ ಜೊತೆ ಬಂದ ಪಾಲ್ ಜೆನಿಂಗ್ಸ್ ಅವರ ನೆನಪುಗಳು 1865ರಲ್ಲಿ ಅಚ್ಚಾದವು. 1814ರಲ್ಲಿ ಬ್ರಿಟಿಷರು ಬಂದು ಮನೆಗೆ ಬೆಂಕಿ ಇಟ್ಟ ದಿನವೂ ಊಟದ ಮೇಜು ಸಿದ್ಧ ಮಾಡಿದ್ದು ನಾನೇ ಅಂತ ಅದರಲ್ಲಿದೆ. ಆ ಸಾಲು ಓದಿದಾಗಿನಿಂದ ಮನಸ್ಸಲ್ಲೇ ಉಳಿದುಬಿಟ್ಟಿದೆ.