ಸ್ಯಾಕ್ಸೋಫೋನ್‌ಗೆ ಪೆಡಲ್ ಕಟ್ಟಿದ ದಿನ

ಬೆಳಗ್ಗೆ ಬಂಟ್ವಾಳದ ಹತ್ತಿರ ಒಂದು ಮದುವೆ. ಮುಹೂರ್ತಕ್ಕೆ ನುಡಿಸಿ, ಊಟ ಮುಗಿಸಿ, ಮೂರು ಗಂಟೆಗೆ ಮಂಗಳೂರಿಗೆ ವಾಪಸ್ ಬಂದೆ. ಮರುದಿನ ಸಂಜೆ ಒಂದು ರಿಸೆಪ್ಷನ್ ಇತ್ತು, ಗಿಟಾರ್, ಕೀಬೋರ್ಡ್, ಡ್ರಮ್ಸ್ ಜೊತೆ. ಗಿಟಾರ್‌ನವರು ಧ್ವನಿ ಬದಲಿಸಲು ಕಾಲಡಿ ಇಟ್ಟುಕೊಳ್ಳುತ್ತಾರಲ್ಲ, ಆ ಪೆಡಲ್ ಡಬ್ಬಿಗಳನ್ನು ನನ್ನ ಸ್ಯಾಕ್ಸೋಫೋನ್‌ಗೂ ಜೋಡಿಸಬೇಕು ಅಂತ ತುಂಬಾ ದಿನದಿಂದ ಆಸೆ. ಗಿಟಾರ್ ಹುಡುಗ ಮೂರು ಪೆಡಲ್ ತಂದಿದ್ದ: ಕೆಳಗಿನ ಸ್ಥಾಯಿಯ ಸ್ವರ ಸೇರಿಸುವ ಆಕ್ಟೇವ್, ಪ್ರತಿಧ್ವನಿ ಕೊಡುವ ಡಿಲೇ, ದೊಡ್ಡ ಹಾಲ್‌ನ ಗುಂಗು ತರುವ ರಿವರ್ಬ್.

ನಮ್ಮ ಕಡೆ ಮದುವೆಗೂ ಉತ್ಸವಕ್ಕೂ ಸ್ಯಾಕ್ಸೋಫೋನ್ ಬೇಕೇ ಬೇಕು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದರ ಧ್ವನಿ ಕೇಳಿ ಮನಸೋತು, ವರ್ಷಗಟ್ಟಲೆ ಪಟ್ಟುಹಿಡಿದು ಇದರಲ್ಲಿ ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವ ನಮ್ಮ ಸಂಗೀತದ ಬಗೆ, ತಂದರು. ನಾವೆಲ್ಲ ಆ ದಾರಿಯಲ್ಲೇ ನಡೆಯುವವರು. ಸ್ಯಾಕ್ಸೋಫೋನ್‌ಗೆ ಕರೆಂಟ್ ಕೊಡುವುದೂ ಹೊಸದೇನಲ್ಲ. ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಎಡ್ಡಿ ಹ್ಯಾರಿಸ್ 1960ರ ದಶಕದಲ್ಲೇ ವ್ಯಾರಿಟೋನ್ ಅನ್ನುವ ಸಾಧನ ಜೋಡಿಸಿ, ಒಂದು ಸ್ವರ ಊದಿದರೆ ಅದರ ಕೆಳಗಿನ ಸ್ಥಾಯಿಯೂ ಕೇಳುವ ಹಾಗೆ ನುಡಿಸಿದ್ದರು. ಹಾಗಾಗಿ ಇದು ಆಗುವ ಕೆಲಸ ಅಂತ ಗೊತ್ತಿತ್ತು. ಹೇಗೆ ಅನ್ನುವುದು ಗೊತ್ತಿರಲಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಸ್ಯಾಕ್ಸ್‌ನ ಬೆಲ್‌ಗೆ, ಅಂದರೆ ಧ್ವನಿ ಹೊರಬರುವ ಅಗಲ ಬಾಯಿಗೆ, ಕಚ್ಚಿಸುವ ಕ್ಲಿಪ್ ಮೈಕ್‌ನ ವೈರನ್ನು ಒಂದು ಕನ್ವರ್ಟರ್ ಹಾಕಿ ನೇರ ಪೆಡಲ್‌ಗೆ ಚುಚ್ಚಿದೆ. ಊದಿದೆ. ಏನೂ ಇಲ್ಲ. ಅದು ಕಂಡೆನ್ಸರ್ ಮೈಕ್. ಅದಕ್ಕೆ ಮಿಕ್ಸರ್‌ನಿಂದ ಮೈಕ್ ವೈರಿನಲ್ಲೇ 48 ವೋಲ್ಟ್ ಕರೆಂಟ್, ಅಂದರೆ ಫ್ಯಾಂಟಮ್ ಪವರ್, ಬರಬೇಕು. ಗಿಟಾರ್ ಪೆಡಲ್ ಅದನ್ನೆಲ್ಲಿಂದ ಕೊಡುತ್ತದೆ? ಸರಿ, ಆ ಕರೆಂಟ್ ಬೇಡದ, ಸ್ಟ್ಯಾಂಡಿನ ಮಾಮೂಲಿ ಡೈನಮಿಕ್ ಮೈಕ್ ಹಾಕಿ ನೋಡಿದೆವು. ಧ್ವನಿ ಬಂತು, ಆದರೆ ಪಕ್ಕದ ಮನೆಯಲ್ಲಿ ಯಾರೋ ಊದಿದ ಹಾಗೆ. ವಾಲ್ಯೂಮ್ ಏರಿಸಿದರೆ ಸ್ಯಾಕ್ಸ್‌ಗಿಂತ ಜಾಸ್ತಿ ‘ಸ್ಸ್’ ಅನ್ನುವ ಸದ್ದು. ಮೈಕ್‌ನಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಪೆಡಲ್ ಕಾಯುವುದು ಗಿಟಾರ್ ಪಿಕಪ್‌ನಷ್ಟು ದೊಡ್ಡದಕ್ಕೆ.

ನಡುವೆ ಸಿಗ್ನಲ್ ದೊಡ್ಡದು ಮಾಡುವ ಪ್ರೀಆಂಪ್ ಬೇಕು. ನನ್ನ ಹತ್ತಿರ ಸಣ್ಣ ಮಿಕ್ಸರ್ ಒಂದಿತ್ತು, ಅದರೊಳಗೆ ಪ್ರೀಆಂಪ್ ಇರುತ್ತದೆ. ಮೈಕ್ ಅದಕ್ಕೆ, ಅದರ ಮೇನ್ ಔಟ್ ಪೆಡಲ್‌ಗೆ. ಈಗ ಉಲ್ಟಾ ಆಯಿತು. ಮಿಕ್ಸರ್ ಕಳಿಸುವುದು ಲೈನ್ ಲೆವೆಲ್, ಅಂದರೆ ಗಿಟಾರ್‌ಗಿಂತಲೂ ದೊಡ್ಡ ಸಿಗ್ನಲ್, 9 ವೋಲ್ಟ್‌ನ ಪೆಡಲ್‌ಗೆ ಅದು ಜಾಸ್ತಿ. ಎತ್ತರದ ಷಡ್ಜ ಹಿಡಿದರೆ ಒಡೆದ ಸ್ಪೀಕರ್ ಹಾಗೆ ಗೊರಗೊರ. ಮಿಕ್ಸರ್‌ನ ಫೇಡರ್ (ವಾಲ್ಯೂಮ್ ಜಾರುಗುಂಡಿ) ತುಂಬಾ ಇಳಿಸಿದ ಮೇಲೆ ಧ್ವನಿ ಸ್ವಚ್ಛವಾಯಿತು. ಆದರೂ ನನಗೆ ಸಮಾಧಾನ ಇರಲಿಲ್ಲ.

ಯಾಕೆ ಅಂದರೆ ಸ್ಯಾಕ್ಸ್‌ನ ಇಡೀ ಧ್ವನಿ ಆ ಮೂರು ಪುಟ್ಟ ಡಬ್ಬಿಗಳ ಒಳಗಿಂದಲೇ ಬರುತ್ತಿತ್ತು. ಮೌತ್‌ಪೀಸ್‌ನ ರೀಡ್ ಪಟ್ಟಿಗೆ ನಾಲಿಗೆ ತಾಗುವ ಆ ಸಣ್ಣ ಪೆಟ್ಟು, ಸ್ವರದ ಮುಂಚೆ ಬರುವ ಗಾಳಿ, ಎಲ್ಲ ಮಸುಕಾಗಿತ್ತು. ನನ್ನ ಗುರುಗಳು ಪಾಠದಲ್ಲಿ ಕಣ್ಣು ಮುಚ್ಚಿ ಕೂತು, ‘ಉಸಿರು ಕೇಳ್ತಾ ಇಲ್ಲ ಮಾರಾಯ, ಇನ್ನೊಮ್ಮೆ’ ಅನ್ನುತ್ತಿದ್ದರು. ಆ ದಿನ ನನಗೂ ಅದು ಕೇಳಲಿಲ್ಲ.

ಆಗ ಕೀಬೋರ್ಡ್‌ನವನು ಮಿಕ್ಸರ್‌ನಲ್ಲಿದ್ದ ಎಫ್‌ಎಕ್ಸ್ ಸೆಂಡ್ ತೋರಿಸಿದ, ಚಾನಲ್‌ನ ಧ್ವನಿಯ ಪ್ರತಿಯನ್ನು ಹೊರಗಿನ ಪೆಡಲ್‌ಗೆ ಕಳಿಸುವ ದಾರಿ ಅದು. ಸ್ಯಾಕ್ಸ್ ಮೊದಲನೇ ಚಾನಲ್‌ನಲ್ಲಿ ತನ್ನ ಪಾಡಿಗೆ ಇರಲಿ. ಸೆಂಡ್‌ನಿಂದ ಅದರ ಒಂದು ಪಾಲು ಮಾತ್ರ ಪೆಡಲ್‌ಗಳಿಗೆ ಹೋಗಲಿ. ಪೆಡಲ್‌ಗಳಿಂದ ಬಂದದ್ದು ಮೂರನೇ ಚಾನಲ್‌ಗೆ ಬರಲಿ. ಆಕ್ಟೇವ್‌ನಲ್ಲಿ ಡ್ರೈ ನಾಬ್, ಅಂದರೆ ಮೂಲ ಧ್ವನಿಯದ್ದು, ಪೂರ್ತಿ ಕೆಳಗೆ. ಮೊದಲ ಚಾನಲ್‌ನಲ್ಲಿ ಬರೀ ಸ್ಯಾಕ್ಸ್, ಮೂರನೆಯದರಲ್ಲಿ ಅದರ ನೆರಳು. ಎರಡನ್ನೂ ಬೇಕಾದಷ್ಟು ಬೆರೆಸಬಹುದು. ಎಷ್ಟು ಸರಳ ಅಲ್ವಾ? ಉಸಿರು ವಾಪಸ್ ಬಂತು. ಖುಷಿಯಲ್ಲಿ ಮೂರನೇ ಚಾನಲ್‌ನ ಎಫ್‌ಎಕ್ಸ್ ನಾಬನ್ನೂ ತಿರುಗಿಸಿಬಿಟ್ಟೆ. ಪೆಡಲ್‌ನಿಂದ ಬಂದ ಧ್ವನಿ ಮತ್ತೆ ಪೆಡಲ್‌ಗೇ ಹೋಗಿ, ಸುತ್ತಿ ಸುತ್ತಿ, ಕೋಣೆ ತುಂಬಾ ಕಿವಿ ಕೊರೆಯುವ ಊಳು. ಡ್ರಮ್ಸ್ ಹುಡುಗ ಓಡಿ ಬಂದು ಮೇನ್ ಇಳಿಸಿದ. ಆ ನಾಬ್ ಸೊನ್ನೆಯಲ್ಲೇ ಇರಬೇಕು. ಈಗ ಅದರ ಮೇಲೆ ಕೆಂಪು ಟೇಪ್ ಅಂಟಿಸಿದ್ದೇನೆ.

ಇನ್ನೊಂದು ತೊಂದರೆ ಉಳಿದಿತ್ತು, ಸಣ್ಣಗೆ ‘ಕುಂಯ್’ ಅನ್ನುವ ಸದ್ದು. ಮೂರೂ ಪೆಡಲ್‌ಗಳಿಗೆ ಒಂದೇ ಅಡಾಪ್ಟರ್‌ನಿಂದ ಸರಪಣಿಯ ಹಾಗೆ ಕರೆಂಟ್ ಕೊಟ್ಟಿದ್ದೆವು. ಡಿಜಿಟಲ್ ಡಿಲೇಗೆ ಬೇರೆ ಅಡಾಪ್ಟರ್ ಹಾಕಿದ ಕೂಡಲೇ ಸದ್ದು ನಿಂತಿತು. ಅಡಾಪ್ಟರ್ ಬದಲಿಸುವವರು ಅದರ ಮೇಲಿನ ಗುರುತು ನೋಡಿ. ಗಿಟಾರ್ ಪೆಡಲ್‌ಗಳಲ್ಲಿ ಜಾಸ್ತಿಯವಕ್ಕೆ ಪ್ಲಗ್‌ನ ಒಳಗಡೆ ಮೈನಸ್ ಇರಬೇಕು.

ರಾತ್ರಿ ಒಂಬತ್ತರ ತನಕ ಬರೀ ರಾಗ ನುಡಿಸುತ್ತಾ ಕೂತೆ. ತಾಳಕ್ಕೆ ನಿಮಿಷಕ್ಕೆ 80 ಪೆಟ್ಟು ಅಂದರೆ ಒಂದು ಪೆಟ್ಟಿಗೆ 750 ಮಿಲಿಸೆಕೆಂಡ್. ಡಿಲೇಯನ್ನು ಅಷ್ಟಕ್ಕೆ ಇಟ್ಟರೆ ಪ್ರತಿಧ್ವನಿ ಸರಿಯಾಗಿ ಮುಂದಿನ ಪೆಟ್ಟಿಗೆ ಬಂದು ಕೂರುತ್ತದೆ. ಮೋಹನ ಅದಕ್ಕೆ ಹೇಳಿ ಮಾಡಿಸಿದ ರಾಗ. ಐದೇ ಸ್ವರ. ಗಾಂಧಾರದ ಪ್ರತಿಧ್ವನಿ ಪಂಚಮದ ಮೇಲೆ ಬಿದ್ದರೂ ಹಿತವಾಗಿಯೇ ಇರುತ್ತದೆ. ತೋಡಿ ಹಿಡಿದೆ ನೋಡಿ, ಎಲ್ಲ ಕಲಸಿಹೋಯಿತು. ಅಲ್ಲಿ ಗಾಂಧಾರ ಒಂದು ಕಡೆ ನಿಲ್ಲುವುದೇ ಇಲ್ಲ, ತೂಗುತ್ತಾ ಇರುತ್ತದೆ. ಒಂದು ತೂಗು ಮುಗಿಯುವ ಮೊದಲೇ ಹಿಂದಿನದರ ಪ್ರತಿಧ್ವನಿ ಬಂದು ತಾಗಿದರೆ ರಾಗದ ಮುಖವೇ ಅಳಿಸಿಹೋಗುತ್ತದೆ. ಆಕ್ಟೇವ್ ಪೆಡಲ್ ಕೂಡ ಉದ್ದ ಸ್ವರಕ್ಕೆ ಚೆನ್ನಾಗಿತ್ತು, ಜೋರಾದ ಗಮಕಕ್ಕೆ ತೊದಲಿತು. ತೋಡಿಗೆ ಪೆಡಲ್ ಬೇಡ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಮರುದಿನ ಹಾಲ್‌ನಲ್ಲಿ ಸೌಂಡ್ ನೋಡುವವರು ಸ್ವಲ್ಪ ವಯಸ್ಸಾದವರು. ನನ್ನ ಕಾಲಡಿಯ ಪೆಟ್ಟಿಗೆಗಳನ್ನು ನೋಡಿ, ‘ಇದೆಂತ ಮಾರ್ರೆ, ಸ್ಯಾಕ್ಸ್‌ಗೆ ಇಷ್ಟೆಲ್ಲ ಉಂಟಾ?’ ಅಂದರು. ಇಡೀ ಜೋಡಣೆ ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡು, ‘ಹಾಗಾದ್ರೆ ನಂಗೆ ಎರಡು ಲೈನ್ ಕೊಡಿ. ಬರೀ ಸ್ಯಾಕ್ಸ್ ಒಂದು, ನಿಮ್ಮ ಪೆಡಲಿಂದು ಒಂದು. ಮೈಕ್ ಕೂಗಿದ್ರೆ ನಾನು ಅದನ್ನು ಮಾತ್ರ ಇಳಿಸ್ತೇನೆ’ ಅಂದರು. ಮಿಕ್ಸರ್‌ನಲ್ಲಿ ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ತಿರುಗಿಸಿ ಎರಡು ಡಿಐ ಬಾಕ್ಸ್‌ಗೆ, ಅಂದರೆ ಸಿಗ್ನಲನ್ನು ಹಾಲ್‌ನ ದೊಡ್ಡ ಮಿಕ್ಸರ್‌ಗೆ ಹೊಂದಿಸಿ ಕಳಿಸುವ ಡಬ್ಬಿಗಳಿಗೆ, ಕೊಟ್ಟೆವು. ಗುಂಯ್ ಅನ್ನುತ್ತಿದ್ದ ಹಮ್ ಅವರು ಡಿಐನ ಗ್ರೌಂಡ್ ಲಿಫ್ಟ್ (ಸಿಗ್ನಲ್ ವೈರಿನ ಗ್ರೌಂಡ್ ಸಂಪರ್ಕ ಬಿಡಿಸುವ) ಸ್ವಿಚ್ ಒತ್ತಿದ ಮೇಲೆ ಹೋಯಿತು. ನನ್ನ ಮೈಕನ್ನೂ ಅವರೇ ಸ್ವಲ್ಪ ಬಗ್ಗಿಸಿದರು, ಬೆಲ್‌ನ ಒಳಗೆ ನೋಡುತ್ತಿದ್ದದ್ದು ಈಗ ಕೀಗಳ ಕಡೆಗೂ ಮುಖ ಮಾಡಿತು. ಸ್ಯಾಕ್ಸ್‌ನಲ್ಲಿ ಧ್ವನಿ ಬೆಲ್‌ನಿಂದ ಮಾತ್ರ ಬರುವುದಿಲ್ಲ, ತೆರೆದ ತೂತುಗಳಿಂದಲೂ ಬರುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಊಟದ ಸಾಲಿನಲ್ಲಿ ಜನ, ಮಕ್ಕಳ ಗಲಾಟೆ. ಮೋಹನ ಆಲಾಪನೆ ಶುರು ಮಾಡಿದೆ. ಮೊದಲ ಕೆಲವು ನಿಮಿಷ ಬರೀ ಸ್ಯಾಕ್ಸ್. ಮೇಲಿನ ಷಡ್ಜಕ್ಕೆ ಹೋದಾಗ ಎಡಗಾಲಲ್ಲಿ ಆಕ್ಟೇವ್ ಒತ್ತಿದೆ. ಕೆಳಗಿನ ಷಡ್ಜ ನಾಗಸ್ವರದ ಜೊತೆ ಶ್ರುತಿ ಹಿಡಿಯುವ ಒತ್ತು ವಾದ್ಯದ ಹಾಗೆ ಬಂದು ನಿಂತಿತು. ಆಮೇಲೆ ಡಿಲೇ. ಒಂದು ಪಂಚಮ ಬಿಟ್ಟು, ಮೌತ್‌ಪೀಸ್‌ನಿಂದ ತುಟಿ ತೆಗೆದೆ. ಪಂಚಮ ಇನ್ನೊಮ್ಮೆ ಬಂತು. ಮತ್ತೊಮ್ಮೆ, ಇನ್ನೂ ಸಣ್ಣದಾಗಿ. ಅದರ ಹಿಂದೆಯೇ, ಹಾಲ್‌ನ ದೊಡ್ಡ ಸ್ಪೀಕರ್‌ನಲ್ಲಿ, ನಾನು ಎಳೆದುಕೊಂಡ ಉಸಿರೂ ಎರಡು ಸಲ ಕೇಳಿಸಿತು. ಸೌಂಡ್‌ನವರು ನನ್ನ ಕಡೆ ನೋಡಿ, ಫೇಡರ್ ಮೇಲಿದ್ದ ಬೆರಳನ್ನು ಇನ್ನೊಂಚೂರು ಮೇಲೆ ತಳ್ಳಿದರು.