ಅವ್ವನ ಹಾಲಿಗೆ ನಾನು ಹಾಕಿದ ನೀರು

ನಾನು ಚಿಂತಾಮಣಿ ತಾಲ್ಲೂಕಿನ ಒಂದೂರಲ್ಲಿ ಹಾಲಿನ ಡೈರಿ ಕಾರ್ಯದರ್ಶಿ. ಕಾರ್ಯದರ್ಶಿ ಅಂದ್ರೆ ದೊಡ್ಡ ಟೇಬಲ್ಲು, ತಿರುಗೋ ಕುರ್ಚಿ ಅಂತ ಅನ್ಕೋಬೇಡಿ, ಬೆಳಿಗ್ಗೆ ಆರಕ್ಕೆ ಶಟರ್ ಎತ್ತೋದು, ಕ್ಯಾನು ತೊಳ್ದಿದಾರಾ ನೋಡೋದು, ಹಾಲು ಅಳೆಯೋದು, ಟೆಸ್ಟ್ ಮಾಡೋದು, ಬರ್ಕೊಳ್ಳೋದು, ಬೈಸ್ಕೊಳ್ಳೋದು, ಸಾಯಂಕಾಲ ಮತ್ತೆ ಅದೇ. ಭಾನುವಾರ ಇಲ್ಲ ಯುಗಾದಿ ಇಲ್ಲ, ಹಸುಗೆ ಕ್ಯಾಲೆಂಡರ್ ಗೊತ್ತಾಗಲ್ಲ ನೋಡಿ. ಇದರ ಮೇಲೆ ನಂಗೆ ಹಾಲು ಆಗಲ್ಲ, ಒಂದು ಲೋಟ ಕುಡಿದ್ರೆ ಸಾಕು ಹೊಟ್ಟೇಲಿ ಟ್ರ್ಯಾಕ್ಟರ್ ಓಡತ್ತೆ. ಊರೋರಿಗೆ ಇದೊಂದು ತಮಾಷೆ. ಅದಕ್ಕೆ ಪ್ರತಿ ವರ್ಷ ನವೆಂಬರ್ 26ಕ್ಕೆ, ವರ್ಗೀಸ್ ಕುರಿಯನ್ ಅವ್ರು ಹುಟ್ಟಿದ ದಿನ ಹಾಲು ದಿನ ಅಂತ ಫೋಟೋಗೆ ಹಾರ ಹಾಕ್ತೀವಲ್ಲ, ಆವಾಗ ನಾನೊಂದು ಮಾತು ಹೇಳಿ ಬಚಾವಾಗ್ತೀನಿ: ದೇಶಕ್ಕೆಲ್ಲ ಹಾಲು ಕುಡಿಸಿದ ಈ ಮನುಷ್ಯನೇ ಹಾಲು ಕುಡೀತಿರ್ಲಿಲ್ಲ ಕಣ್ರೋ.

ನಮ್ ಕಡೆ ಹಾಲು ಅಂದ್ರೆ ಏನು ಅಂತ ಹೊರಗಿನೋರಿಗೆ ಸ್ವಲ್ಪ ಹೇಳ್ಬೇಕು. ಕೋಲಾರ ಚಿಕ್ಕಬಳ್ಳಾಪುರ ಸೀಮೇಲಿ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ಪಾಲಾರ್ ಈ ಕಡೆನೇ ಹುಟ್ಟೋದು, ತಮಿಳಲ್ಲಿ ಪಾಲಾರ್ ಅಂದ್ರೆ ಹಾಲಿನ ಹೊಳೆ, ಹೆಸರಲ್ಲಿ ಹಾಲಿದೆ, ಹೊಳೇಲಿ ನೀರಿಲ್ಲ. ಮಳೆ ಕೈಕೊಟ್ರೆ ರಾಗಿ ಹೋಗತ್ತೆ, ರೇಟ್ ಬಿದ್ರೆ ಟೊಮೇಟೊ ರಸ್ತೆಗೆ ಹೋಗತ್ತೆ, ಆದ್ರೆ ಕೊಟ್ಟಿಗೇಲಿ ಒಂದು ಸೀಮೆ ಹಸು ಇದ್ರೆ ಹದಿನೈದು ದಿನಕ್ಕೊಂದು ಬಟವಾಡೆ ಬರತ್ತೆ, ಲೀಟರಿಗೆ ಇಷ್ಟು ಅಂತ ಸರ್ಕಾರದ ಪ್ರೋತ್ಸಾಹಧನ ಬೇರೆ, ಅದು ಬಂದಾಗ. ಅಂಗಡಿ ಸಾಲ, ಸ್ಕೂಲ್ ಫೀಸು, ಮಾತ್ರೆ ಎಲ್ಲಾ ಆ ಬಟವಾಡೆ ಮೇಲೆನೇ ನಿಂತಿರೋದು. ಹಂಗಾಗಿ ನಾನು ಒಬ್ರ ಹಾಲು ವಾಪಸ್ ಕಳಿಸಿದ್ರೆ ಅದು ಬರೀ ಹಾಲು ವಾಪಸ್ ಕಳಿಸಿದಂಗಲ್ಲ. ಇದು ಈಗ ಗೊತ್ತಾಗಿರೋದು, ಕೆಲ್ಸಕ್ಕೆ ಸೇರಿದಾಗ ನನ್ ತಲೇಲಿ ಇದ್ದಿದ್ದು ಒಂದೇ, ನೀರು ಹಾಕೋ ಕಳ್ಳರನ್ನ ಹಿಡೀಬೇಕು ಅಂತ.

ಡೈರಿ ಪಕ್ಕದ ಮನೇಲೇ ಒಬ್ಬ ಅವ್ವ ಇದಾರೆ. ನಮ್ ಕಡೆ ಅಜ್ಜಿಗೂ ಅವ್ವ ಅಂತೀವಿ, ತೆಲುಗು ಕನ್ನಡ ಎರಡೂ ಕಲಸಿದ ಊರು ನಮ್ದು. ಮಗ ಬೆಂಗಳೂರಲ್ಲಿ ಗಾಡಿ ಓಡಿಸ್ತಾನೆ, ಅವ್ವಂಗೆ ಇಲ್ಲಿ ಒಂದೇ ಹಸು. ಬೆಳಿಗ್ಗೆ ನಾಲ್ಕು ಲೀಟರ್, ಸಾಯಂಕಾಲ ಮೂರು. ನಾನು ಶಟರ್ ಎತ್ತೋ ಸದ್ದು ಕೇಳಿದ್ರೆ ಆಯ್ತು, ಕೆಚ್ಚಲಿಂದ ಕೈ ತೆಗ್ದು ನೊರೆ ಆರೋಕೆ ಮುಂಚೆ ಬಂದು ಮೊದಲ್ನೇ ನಂಬರಿಗೆ ನಿಂತ್ಬಿಡೋರು. ಲ್ಯಾಕ್ಟೋಮೀಟರ್, ಅಂದ್ರೆ ಹಾಲು ಎಷ್ಟು ಗಟ್ಟಿ ಅಂತ ತೋರಿಸೋ ಗಾಜಿನ ಕಡ್ಡಿ, ಅದನ್ನ ಬಿಟ್ರೆ 25. ಒಂದಿನ 24. ನಮ್ಮಲ್ಲಿ 27ಕ್ಕಿಂತ ಕಮ್ಮಿ ಬಂದ್ರೆ ನಾನು ತಗೋತಿರ್ಲಿಲ್ಲ.

"ಅವ್ವಾ, ನೀರು ಹಾಕಿದ್ದೀಯ" ಅಂದೆ. "ನೀಳ್ಳು ಪೊಯ್ಯಲೇದು ನಾಯ್ನಾ, ತಾತಯ್ಯನ ಆಣೆ" ಅಂದ್ರು, ನೀರು ಹುಯ್ದಿಲ್ಲ ಕಣಪ್ಪ ಅಂತ. ತಾತಯ್ಯ ಅಂದ್ರೆ ಕೈವಾರ ತಾತಯ್ಯ, ಯೋಗಿ ನಾರೇಯಣರು. ನಮ್ ತಾಲ್ಲೂಕಲ್ಲಿ ದಿನಕ್ಕೆ ಎಷ್ಟು ಜನ ಅವರ ಮೇಲೆ ಆಣೆ ಇಡ್ತಾರೋ ಲೆಕ್ಕ ಇಲ್ಲ, ಸೈಟ್ ವ್ಯಾಪಾರದೋರಿಂದ ಹಿಡಿದು ಕುರಿ ವ್ಯಾಪಾರದೋರ ತನಕ. ನಾನು ನಕ್ಕೆ. ಕ್ಯೂನಲ್ಲಿದ್ದೋರೂ ನಕ್ರು. "ತಾತಯ್ಯ ಬಂದು ಲ್ಯಾಕ್ಟೋಮೀಟರ್ ನೋಡ್ತಾರಾ ಅವ್ವ" ಅಂತ ಒಂದು ಡೈಲಾಗ್ ಬೇರೆ ಹೊಡೆದೆ. ಅವ್ವ ನಗಲಿಲ್ಲ. "ತಾತಯ್ಯ ಬಳೆ ಮಾರಿ ಬದುಕಿದೋರು, ವ್ಯಾಪಾರದಾಗೆ ಯಾರು ಏನು ಮಾಡ್ತಾರೆ ಅಂತ ಅವ್ರಿಗೆ ನಿನಗಿಂತ ಗೊತ್ತು" ಅಂತ ಹೇಳಿ ಪಾತ್ರೆ ಎತ್ಕೊಂಡು ಹೋದ್ರು.

ಹಿಂಗೇ ಒಂಬತ್ತು ದಿನ. ದಿನಾ ಬೆಳಿಗ್ಗೆ ಬರೋರು, ದಿನಾ ವಾಪಸ್ ಹೋಗೋರು. ಸಾಯಂಕಾಲ ಮಾತ್ರ ಅದೇ ಹಸು, ಅದೇ ಪಾತ್ರೆ, 28 ಬರೋದು, ತಗೋತಿದ್ದೆ. ಇದನ್ನ ನೋಡಿ ನಾನೊಂದು ಸಿ.ಐ.ಡಿ ಲೆಕ್ಕ ಹಾಕಿದ್ದೆ, ಬೆಳಿಗ್ಗೆ ಕತ್ಲಲ್ಲಿ ಯಾರೂ ನೋಡಲ್ಲ ಅಂತ ನೀರು ಹಾಕ್ತಾರೆ, ಸಾಯಂಕಾಲ ಬೆಳಕಲ್ಲಿ ಹಾಕೋಕೆ ಆಗಲ್ಲ. ಎಷ್ಟು ಬುದ್ಧಿವಂತ ನಾನು ನೋಡಿ. ಸಾಯಂಕಾಲ ಅವ್ವ ಹಾಲು ಕರೆದಿಟ್ಟು ಹಸುಗೆ ಹುಲ್ಲು ಹಾಕಿ, ದೇವರಿಗೆ ದೀಪ ಹಚ್ಚಿ, ಎಲ್ಲರಿಗಿಂತ ಕೊನೇಲಿ ಬರ್ತಾರೆ ಅನ್ನೋದು ಕಣ್ಣೆದುರಿಗೇ ಇತ್ತು, ಅದು ಲೆಕ್ಕಕ್ಕೆ ಬರ್ಲಿಲ್ಲ.

ವಾಪಸ್ ಹೋದ ಹಾಲಿಗೆ ಅವ್ವ ಹೆಪ್ಪು ಹಾಕಿ ಬೀದಿಗೆಲ್ಲ ಮೊಸರು ಹಂಚ್ತಿದ್ರು, ಇನ್ನೇನ್ ಮಾಡ್ತಾರೆ. ನಮ್ ಮನೆಗೂ ಒಂದು ಬಟ್ಟಲು ಕೊಟ್ಟಿದ್ರು, ಅವರ ಹಾಲನ್ನ ಒದ್ದು ಕಳಿಸ್ತಿರೋನ ಮನೆಗೆ. ಮೊಸರು ನಂಗೆ ಆಗತ್ತೆ, ಮುದ್ದೆ ಆದ್ಮೇಲೆ ಅನ್ನಕ್ಕೆ ಹಾಕ್ಕೊಂಡೆ, ಬಟ್ಟಲು ಬೋರಲು ಹಾಕಿದ್ರೂ ಬೀಳದಂಗೆ ಗಟ್ಟಿ ಇತ್ತು. ನನ್ ಹೆಂಡ್ತಿ "ಯಾರದ್ರೀ ಇದು, ನೀರು ಹಾಕಿದ ಹಾಲಿಂದಾ?" ಅಂದ್ಲು. ಹೂಂ ಅಂದೆ. "ನೀರು ಹಾಕಿದ್ರೆ ಹಿಂಗೆ ಕೂರತ್ತಾ ಮೊಸರು?" ಅಂದ್ಲು. ನಾನು ಟ್ರೈನಿಂಗ್ ತಗೊಂಡಿರೋನು, ಸರ್ಟಿಫಿಕೇಟ್ ಇರೋನು, ಅವಳ ಮಾತಿಗೆ ಉತ್ತರ ಕೊಡ್ಲೇ ಇಲ್ಲ. ಇನ್ನೊಂದ್ ಸ್ವಲ್ಪ ಮೊಸರು ಹಾಕ್ಕೊಂಡೆ ಅಷ್ಟೇ.

ಹತ್ತನೇ ದಿನ ಒಕ್ಕೂಟದಿಂದ ಸೂಪರ್‌ವೈಸರ್ ಬಂದಿದ್ರು, ರಿಟೈರ್ಡ್ ಆಗೋಕೆ ಹತ್ರ ಇದ್ದ ಮನುಷ್ಯ, ಮಾತು ಕಮ್ಮಿ. ನಾನು ಹೀರೋ ತರ ಅವ್ವನ ಪಾತ್ರೆ ತೋರಿಸಿ "ನೋಡಿ ಸಾರ್ 25" ಅಂದೆ. ಅವ್ರು ಪಾತ್ರೆ ಮುಟ್ಟಿ ನೋಡಿದ್ರು, ಜೇಬಿಂದ ಥರ್ಮಾಮೀಟರ್ ತೆಗ್ದು ಅದ್ದಿದ್ರು. 36 ಡಿಗ್ರಿ. "ಲ್ಯಾಕ್ಟೋಮೀಟರ್ ಮೇಲೆ ಏನ್ ಬರ್ದಿದೆ ಓದು" ಅಂದ್ರು. 27 ಅಂತ ಇದೆ ಸಾರ್ ಅಂದೆ. "ಏನದು 27?" ಅಂದ್ರು.

ಇಲ್ಲಿ ನಾನು ನಿಜ ಹೇಳ್ಬಿಡ್ತೀನಿ. ಆ 27 ಅಂದ್ರೆ ರೀಡಿಂಗ್ 27ಕ್ಕಿಂತ ಕಮ್ಮಿ ಬಂದ್ರೆ ತಗೋಬೇಡಿ ಅಂತ ಕಂಪನಿಯೋರೇ ಬರ್ದಿದಾರೆ ಅಂತ ನಾನು ಅನ್ಕೊಂಡಿದ್ದೆ. ಅದು ಹಾಲು ಎಷ್ಟು ಡಿಗ್ರಿ ಬಿಸಿ ಇರ್ಬೇಕು ಅಂತ ಬರ್ದಿರೋದು. ಕರೆದ ತಕ್ಷಣದ ಹಾಲು ಹಸು ಮೈ ಬಿಸೀಲೇ ಇರತ್ತೆ, ಬಿಸಿ ಹಾಲು ತೆಳು ಆಗತ್ತೆ, ಜೊತೆಗೆ ನೊರೆ, ಅಂದ್ರೆ ಒಳಗೆ ಗಾಳಿ, ಆವಾಗ ಲ್ಯಾಕ್ಟೋಮೀಟರ್ ಇನ್ನೂ ಒಳಗೆ ಮುಳುಗಿ ಎರಡು ಮೂರು ಪಾಯಿಂಟ್ ಕಮ್ಮಿನೇ ತೋರಿಸತ್ತೆ. ನೀರು ಹಾಕಿದ್ರೂ ಹಂಗೇ ತೋರಿಸತ್ತೆ. ಗಾಜಿನ ಕಡ್ಡಿಗೆ ಎರಡೂ ಒಂದೇ. ಉಳಿದೋರೆಲ್ಲ ತೋಟದಿಂದ ಸೈಕಲ್ಲಲ್ಲಿ, ಟಿವಿಎಸ್‌ನಲ್ಲಿ ತರೋ ಹೊತ್ತಿಗೆ ಹಾಲು ಆರಿರೋದು, ಅವ್ವನ ಮನೆ ಹತ್ತಿರ ಇದ್ದಿದ್ದೇ ಅವ್ವನ ತಪ್ಪು.

ಸೂಪರ್‌ವೈಸರ್ ಪಾತ್ರೆನ ತಣ್ಣೀರು ಬಕೆಟ್ಟಲ್ಲಿ ಇಡ್ಸಿ, ಟೀ ಕುಡಿದು, ಪೇಪರ್ ಓದಿ, ಇಪ್ಪತ್ತು ನಿಮಿಷ ಆದ್ಮೇಲೆ ಹಾಲು ಮೆಲ್ಲಗೆ ಕಲಕಿ, ನೊರೆ ಸರಿಸಿ ಬಿಟ್ರು. 28. ಫ್ಯಾಟು 4. "ಲೆಕ್ಕ ಹಾಕು" ಅಂದ್ರು. 28ನ್ನ ನಾಲ್ಕರಿಂದ ಭಾಗಿಸಿದ್ರೆ 7, ಫ್ಯಾಟಿನ ಕಾಲು ಭಾಗ 1, ಅದಕ್ಕೆ 0.44 ಕೂಡ್ಸಿ, ಫ್ಯಾಟು ಬಿಟ್ಟು ಹಾಲಲ್ಲಿ ಉಳಿಯೋ ಗಟ್ಟಿ ಅಂಶ, ಅಂದ್ರೆ ಎಸ್‌ಎನ್‌ಎಫ್ 8.44. "ಇಂಥ ಹಾಲನ್ನ ಒಂಬತ್ತು ದಿನ ವಾಪಸ್ ಕಳಿಸಿದ್ಯಾ?" ಅಂದ್ರು, ಜೋರಾಗಿ ಅಲ್ಲ, ಆದ್ರೆ ಕ್ಯೂನಲ್ಲಿ ಮೂವತ್ತು ಜನ ಇದ್ರು. ನಾನು ಅವ್ವನ್ನ ಬೈದಾಗ ನಕ್ಕಿದ್ದೋರೇ, ಈಗ ನನ್ನ ನೋಡಿ ನಕ್ರು. ಸರಿಯಾಗೇ ಇದೆ ಬಿಡಿ.

ಇದಾಗಿ ಒಂದು ತಿಂಗಳಿಗೆ ಇನ್ನೊಂದು. ಊರಲ್ಲಿ ಒಬ್ಬ ಯಜಮಾನರು, ಹೆಸರು ಬೇಡ, ಹಣೆ ತುಂಬ ವಿಭೂತಿ, ಕೈ ಮುಗಿಯದೆ ಮಾತೇ ಶುರು ಮಾಡಲ್ಲ. ಅವರ ಹಾಲು ಯಾವಾಗ್ಲೂ 32, 33. ನಾನು ಅದನ್ನ ಬೇರೆಯೋರಿಗೆ ತೋರಿಸಿ "ಹಸು ಸಾಕೋದು ಅಂದ್ರೆ ಇದು" ಅಂತಿದ್ದೆ. ಕಮಿಟಿ ಮೀಟಿಂಗ್ ದಿನ ಟೀಗೆ ಒಳ್ಳೆ ಹಾಲು ಬೇಕು ಅಂತ ಅವರದ್ದೇ ಅರ್ಧ ಲೀಟರ್ ತೆಗ್ದಿಟ್ಟೆ. ನಮ್ ಅಧ್ಯಕ್ಷರಿಗೆ ಶುಗರ್, ಅವರಿಗೆ ಮಾತ್ರ ಬೇರೆ ಲೋಟದಲ್ಲಿ ಸಕ್ಕರೆ ಹಾಕದ ಟೀ. ಒಂದು ಗುಟುಕು ಕುಡಿದು "ಯಾವನ್ರೋ ನನ್ನ ಸಾಯ್ಸೋಕೆ ನೋಡ್ತಿರೋನು, ಸಕ್ಕರೆ ಹಾಕಿದಾನೆ" ಅಂದ್ರು. ಟೀ ಹುಡುಗ ಹಾಕಿಲ್ಲ ಅಂತಾನೆ, ತಾತಯ್ಯನ ಆಣೆ ಅಂತಾನೆ, ಈ ಸಲ ಆಣೆ ಕೇಳಿ ನಂಗೆ ನಗು ಬರ್ಲಿಲ್ಲ, ಎದೆ ಝಲ್ಲಂತು. ನೀರು ಹಾಕಿದ್ರೆ ರೀಡಿಂಗ್ ಇಳಿಯತ್ತೆ, ಅದಕ್ಕೆ ಸಕ್ಕರೆ ಹಾಕಿದ್ರೆ ಏರತ್ತೆ. ಯಜಮಾನ್ರ ಸಕ್ಕರೆ ಕೈ ಸ್ವಲ್ಪ ಧಾರಾಳ ಅಷ್ಟೇ. ರೆಸಾರ್ಸಿನಾಲ್ ಅನ್ನೋ ಕೆಮಿಕಲ್ಲು, ಆಸಿಡ್ ಹಾಕಿ ಕಾಯಿಸಿದ್ರೆ ಸಕ್ಕರೆ ಇರೋ ಹಾಲು ಕೆಂಪಾಗತ್ತೆ, ಆ ಬಾಟಲ್ಲು ನಮ್ ಪೆಟ್ಟಿಗೇಲೇ ಇತ್ತು, ಸೀಲ್ ಕೂಡ ಒಡೆದಿರ್ಲಿಲ್ಲ ನಾನು. ಅವತ್ತು ಒಡೆದೆ. ಕೆಂಪಾಯ್ತು, ನೋಡ್ತಿದ್ದ ನಂದೂ ಕೆಂಪಾಯ್ತು, ಮುಖ.

ಡೈರಿ ಹಾಲಲ್ಲಿ ಮೀನು ಸಿಕ್ತು ಅನ್ನೋ ಜೋಕು ಎಲ್ಲಾ ಊರಲ್ಲೂ ಹೇಳ್ತಾರೆ, ನಮ್ ಕಡೆ ಕೆರೇಲೇ ನೀರಿಲ್ಲ ಮೀನೆಲ್ಲಿಂದ ಬರ್ಬೇಕು. ಆದ್ರೆ ಈ ಟೀ ಕತೆ ನಾನೇ ಕಣ್ಣಾರೆ ನೋಡಿದ್ದು. ಈಗ ನಮ್ಮಲ್ಲಿ ಮೆಷಿನ್ ಬಂದಿದೆ, ಹಾಲು ಇಟ್ರೆ ಫ್ಯಾಟು, ಎಸ್‌ಎನ್‌ಎಫ್ ಎಲ್ಲ ಚೀಟೀಲಿ ಪ್ರಿಂಟ್ ಬರತ್ತೆ. ಹೊಸ ಹುಡುಗರು ಚೀಟಿ ನೋಡಿ ರೈತರ ಮುಖ ನೋಡದೆ ಮಾತಾಡ್ತಾರೆ. ನಾನು ಮೊದಲು ಪಾತ್ರೆ ಹೊರಗೆ ಕೈ ಇಡ್ತೀನಿ, ಬಿಸಿ ಇದ್ಯಾ ಅಂತ. ಅಭ್ಯಾಸ ಆಗ್ಹೋಗಿದೆ, ಮನೇಲಿ ಟೀ ಲೋಟಕ್ಕೂ ಹಂಗೇ ಮಾಡ್ತೀನಿ ಅಂತ ಹೆಂಡ್ತಿ ನಗ್ತಾಳೆ.

ಅವ್ವನ ಲೆಕ್ಕ ಬಾಕಿ ಇತ್ತು. ಒಂಬತ್ತು ದಿನ, ನಾಲ್ಕು ಲೀಟರಂತೆ 36 ಲೀಟರ್ ದುಡ್ಡು ನನ್ ಕೈಯಿಂದ ಕೊಡೋಕೆ ಹೋದೆ. ತಗೊಳ್ಲಿಲ್ಲ. "ಮೊಸರು ತಿಂದೋರಿಗೆಲ್ಲ ಪುಣ್ಯ ಬಂತು, ಅದಕ್ಕೆ ರೇಟ್ ಕಟ್ತೀಯಾ? ನಿಜ ಹೊರಗೆ ಬಂದ್ರೆ ಹನ್ನೊಂದು ಕಾಯಿ ಒಡಿಸ್ತೀನಿ ಅಂತ ಹರಕೆ ಹೊತ್ತಿದ್ದೀನಿ, ಕಾಯಿ ನೀನು ತಂದ್ಕೊಡು" ಅಂದ್ರು. ಮುಂದಿನ ಸೋಮವಾರ ಬೆಳಿಗ್ಗೆ ಟ್ಯಾಂಕರ್ ಹೋದ್ಮೇಲೆ ಇಬ್ರೂ ಬಸ್ಸಲ್ಲಿ ಕೈವಾರಕ್ಕೆ ಹೋದ್ವಿ. ದಾರಿ ಉದ್ದಕ್ಕೂ ಅವ್ವ ಬಕಾಸುರನ ಕತೆ ಹೇಳಿದ್ರು, ಭೀಮ ಅವನನ್ನ ಕೊಂದಿದ್ದು ಅಲ್ಲೇ ಬೆಟ್ಟದಲ್ಲಿ ಅಂತಾರಲ್ಲ, "ಬಂಡಿಗಟ್ಲೆ ತಿಂತಿದ್ನಂತೆ, ನನ್ ಹಸು ತರ, ಹಾಲು ಮಾತ್ರ ಕೊಡ್ತಿರ್ಲಿಲ್ಲ" ಅಂತ ಬಸ್ಸಲ್ಲಿದ್ದೋರಿಗೆಲ್ಲ ಕೇಳೋ ಹಂಗೆ.

ಅಮರನಾರೇಯಣ ಸ್ವಾಮಿ ಗುಡಿ ಹತ್ರ ನಾನೇ ಕೂತು ಒಂದೊಂದಾಗಿ ಕಾಯಿ ಒಡೆದೆ, ಅವ್ವ ಪಕ್ಕದಲ್ಲಿ ನಿಂತು ಎಣಿಸ್ತಿದ್ರು. ಹತ್ತು ಚೆನ್ನಾಗಿದ್ವು, ಬೆಳ್ಳಗೆ. ಹನ್ನೊಂದನೇದು ಒಡೆದ್ರೆ ಒಳಗೆಲ್ಲ ಕೊಳೆತಿತ್ತು, ವಾಸನೆ ಬೇರೆ. ನಾನು ಗಾಬರಿಯಾಗಿ ಅವ್ವನ ಮುಖ ನೋಡಿದೆ, ಅಪಶಕುನ ಅಂತಾರೇನೋ ಅಂತ. ಅವ್ವ ಬಗ್ಗಿ ಕಾಯಿ ನೋಡಿದ್ರು, ನನ್ನ ನೋಡಿದ್ರು, ಒಳ್ಳೆ ಹೋಳುಗಳನ್ನೆಲ್ಲ ಒಂದೊಂದೇ ಎತ್ತಿ ತಮ್ ಸೆರಗಿಗೆ ಹಾಕ್ಕೊಂಡು ಹೇಳಿದ್ರು,

"ಇದು ನಿಂದು ನಾಯ್ನಾ."